ಇಂಗ್ಲೆಂಡಿನಲ್ಲಿ ಓಡಿಸಿದ ಡೀಸೆಲ್ ಕಾರಿಗೆ ‘ಗೆದ್ದರೆ ಮಾತ್ರ ಫೀಸು’ ಕ್ಲೇಮು: ಸೇರಬಹುದೇ?

ನೀವು ಕೇಳಿರುವುದು ಇಷ್ಟು: ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ 2014ರಲ್ಲಿ ಪಿಸಿಪಿ ಸಾಲದ ಮೇಲೆ (ತಿಂಗಳ ಕಂತು ಕಟ್ಟಿ, ಕೊನೆಗೆ ಉಳಿದ ಮೊತ್ತ ಕೊಟ್ಟರೆ ಕಾರು ನಿಮ್ಮದಾಗುವ ಸಾಲ) ಡೀಸೆಲ್ ಕಾರು ಕೊಂಡಿರಿ, 2018ರಲ್ಲಿ ಮಾರಿ ಬೆಂಗಳೂರಿಗೆ ಬಂದಿರಿ. ಈಗ ‘ಡೀಸೆಲ್ ಹೊಗೆ ಹಗರಣ, ಸಾವಿರಾರು ಪೌಂಡ್ ಪರಿಹಾರ, ಗೆಲ್ಲದಿದ್ದರೆ ಏನೂ ಕೊಡಬೇಕಿಲ್ಲ’ ಎಂಬ ಮೆಸೇಜು ಬಂದಿದೆ. ಇದು ಮೋಸವೇ? ಸೇರಿದರೆ ಕೈಯಿಂದ ದುಡ್ಡು ಹೋಗುತ್ತದೆಯೇ?

ಮೊಕದ್ದಮೆ ನಿಜವಾದದ್ದು. ನಿಮಗೆ ಬಂದ ಮೆಸೇಜು ನಿಜವೋ ಅಲ್ಲವೋ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಸೇರುವುದಾದರೆ ಸಹಿಗೆ ಮುಂಚೆ ಎರಡು ಕಾಗದ ಪೂರ್ತಿ ಓದಿ, ಒಂದು ದಿನಾಂಕ ಕೇಳಿ ತಿಳಿದುಕೊಳ್ಳಿ. ಕಾಗದಗಳು ಎಂದರೆ ಫೀಸಿನ ಕರಾರು ಮತ್ತು ವಿಮೆಯ ಪಾಲಿಸಿ. ದಿನಾಂಕ ಎಂದರೆ ನಿಮ್ಮ ಹೆಸರಿನಲ್ಲಿ ಕೋರ್ಟಿನಲ್ಲಿ ದಾವೆ ದಾಖಲಾಗುವ ದಿನ. ಜಾಹೀರಾತಿನ ಒಂದು ಸಾಲಿನ ಭರವಸೆ ನಿಲ್ಲುವುದು ಈ ಮೂರರ ಮೇಲೆಯೇ.

‘ಗೆದ್ದರೆ ಮಾತ್ರ ಫೀಸು’ ಎಂಬ ಈ ವ್ಯವಸ್ಥೆ ನಮ್ಮವರಿಗೆ ಅನುಮಾನ ಹುಟ್ಟಿಸುವುದು ಸಹಜ. ಭಾರತದಲ್ಲಿ ವಕೀಲರು ಕೇಸಿನ ಫಲಿತಾಂಶಕ್ಕೆ ಕಟ್ಟಿ ಫೀಸು ಗೊತ್ತುಮಾಡಿಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸುತ್ತವೆ. ಇಂಗ್ಲೆಂಡಿನಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ, ಮಿತಿಗಳೂ ಇವೆ.

ಹಿನ್ನೆಲೆ ಚಿಕ್ಕದಾಗಿ. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು. ಕಾರು ಪರೀಕ್ಷೆಯಲ್ಲಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ಶುದ್ಧಗೊಳಿಸುವ ಸಾಫ್ಟ್‌ವೇರ್ ಸಿಕ್ಕಿಬಿದ್ದದ್ದು ಹಾಗೆ. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳು, ಬ್ರಿಟನ್ನಿನಲ್ಲೇ ಸುಮಾರು 12 ಲಕ್ಷ. 2020ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಆ ಸಾಫ್ಟ್‌ವೇರನ್ನು ಕಾನೂನುಬಾಹಿರ ‘ಡಿಫೀಟ್ ಡಿವೈಸ್’ (ಪರೀಕ್ಷೆಯನ್ನು ವಂಚಿಸುವ ಸಾಧನ) ಎಂದಿತು. 2022ರ ಮೇ ತಿಂಗಳಲ್ಲಿ ಕಂಪನಿ ತಪ್ಪೊಪ್ಪದೆ ಸುಮಾರು 91,000 ಜನರೊಂದಿಗೆ 19.3 ಕೋಟಿ ಪೌಂಡಿಗೆ ರಾಜಿ ಮಾಡಿಕೊಂಡಿತು. ಭಾಗಿಸಿ ನೋಡಿದರೆ ತಲೆಗೆ ಸರಾಸರಿ 2,100 ಪೌಂಡ್. ಎಲ್ಲರಿಗೂ ಸಮನಾಗಿ ಸಿಕ್ಕಿತು ಎಂದು ಇದರ ಅರ್ಥವಲ್ಲ. ಆದರೂ ಜಾಹೀರಾತಿನಲ್ಲಿ 10,000 ಪೌಂಡ್ ಕಂಡರೆ ಈ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿ.

ಆಮೇಲೆ ಬೇರೆ ತಯಾರಕರ ಮೇಲೂ ದಾವೆಗಳು ಬಂದವು. ಐದು ಹೆಸರುಗಳ (ಮರ್ಸಿಡಿಸ್, ಫೋರ್ಡ್, ರೆನೊ, ನಿಸ್ಸಾನ್, ಪ್ಯೂಜೊ-ಸಿಟ್ರೋಯೆನ್) ಆಯ್ದ ಮಾದರಿ ಕಾರುಗಳನ್ನು ಮುಂದಿಟ್ಟುಕೊಂಡು 2025ರ ಅಕ್ಟೋಬರ್ 13ರಂದು ಹೈಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ಇವುಗಳಲ್ಲಿ ಡಿಫೀಟ್ ಡಿವೈಸ್ ಇತ್ತೇ ಎಂಬುದು ಮೊದಲ ಪ್ರಶ್ನೆ. ಯಾರಿಗೆ ಎಷ್ಟು ಹಣ ಎಂಬುದು ಬೇರೆ ಹಂತ. ತಯಾರಕರು ಆರೋಪವನ್ನು ಒಪ್ಪಿಲ್ಲ. ಸೋಲುವ ಸಾಧ್ಯತೆ ನಿಜವಾಗಿಯೂ ಇದೆ ಎಂದುಕೊಂಡೇ ನಿರ್ಧಾರ ಮಾಡಿ.

ವಾದದ ತಿರುಳು ಹೀಗಿದೆ. ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ, ಯುರೋಪಿನ ಹೊಗೆ ಮಾನದಂಡವಾದ ಯೂರೋ 5ರಲ್ಲಿ ಕಿಲೋಮೀಟರಿಗೆ 180 ಮಿಲಿಗ್ರಾಂ, ಯೂರೋ 6ರಲ್ಲಿ 80. ಆಗಿನ ಪರೀಕ್ಷೆ ಲ್ಯಾಬಿನಲ್ಲಿ, 20ರಿಂದ 30 ಡಿಗ್ರಿ ಉಷ್ಣಾಂಶದಲ್ಲಿ, ಸುಮಾರು 20 ನಿಮಿಷ ನಡೆಯುತ್ತಿತ್ತು. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ತಿರುಗಿಸುವ ಇಜಿಆರ್ ವಾಲ್ವು ಆ ಉಷ್ಣಾಂಶದಲ್ಲಿ ಪೂರ್ತಿ ಕೆಲಸ ಮಾಡಿ, ಹೊರಗಿನ ಚಳಿಯಲ್ಲಿ ಕಡಿಮೆ ಕೆಲಸ ಮಾಡುವಂತೆ ಸಾಫ್ಟ್‌ವೇರ್ ಬರೆದಿದ್ದರೆ ಅದಕ್ಕೆ ‘ಥರ್ಮಲ್ ವಿಂಡೋ’ ಎನ್ನುತ್ತಾರೆ. ಹೊಗೆ ಶುದ್ಧಗೊಳಿಸಲು ಆಡ್‌ಬ್ಲೂ ಎಂಬ ದ್ರವ ಹಾಕುವ ಕಾರುಗಳಲ್ಲಿ ಆ ದ್ರವವನ್ನು ಸಿಂಪಡಿಸುವ ಪ್ರಮಾಣವೂ ಇದೇ ತಕರಾರಿನಲ್ಲಿದೆ. ಇಂಜಿನ್ನಿನ ರಕ್ಷಣೆಗೆ ಇದು ಬೇಕು ಎಂಬುದು ಕಂಪನಿಗಳ ಉತ್ತರ. 2007ರ ಯುರೋಪಿಯನ್ ನಿಯಮದಲ್ಲಿ ಅಂಥ ವಿನಾಯಿತಿಯೂ ಇದೆ. ಆಸ್ಟ್ರಿಯಾದಿಂದ ಬಂದ ಪ್ರಕರಣಗಳಲ್ಲಿ, 15ರಿಂದ 33 ಡಿಗ್ರಿಯ ನಡುವೆ ಮಾತ್ರ ಪೂರ್ತಿ ಶುದ್ಧಗೊಳಿಸುವ ಸಾಫ್ಟ್‌ವೇರ್ ಈ ವಿನಾಯಿತಿಗೆ ನಿಲ್ಲದು ಎಂದು ಯುರೋಪಿಯನ್ ನ್ಯಾಯಾಲಯ 2022ರ ಜುಲೈನಲ್ಲಿ ಹೇಳಿತು. ಇಂಗ್ಲೆಂಡಿನ ಹವೆ ವರ್ಷದ ಬಹುಪಾಲು 15 ಡಿಗ್ರಿಗಿಂತ ಕೆಳಗೇ ಇರುವುದರಿಂದ ಇದಕ್ಕೆ ಅಲ್ಲಿ ತೂಕ ಜಾಸ್ತಿ. ಆದರೆ 2020ರ ನಂತರದ ಯುರೋಪಿಯನ್ ತೀರ್ಪುಗಳನ್ನು ಬ್ರಿಟಿಷ್ ಕೋರ್ಟುಗಳು ಗಮನಿಸಬಹುದು, ಪಾಲಿಸಲೇಬೇಕೆಂದಿಲ್ಲ.

ನಿಮ್ಮ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಕಾಲಮಿತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕರಾರು ಉಲ್ಲಂಘನೆಯ ದಾವೆಗೆ 6 ವರ್ಷ. ನಿಮ್ಮದು 2014ರ ಖರೀದಿ. ಸುಮ್ಮನೆ ಎಣಿಸಿದರೆ 2020ಕ್ಕೇ ಮುಗಿಯಿತು. ಎದುರು ಪಕ್ಷ ವಿಷಯವನ್ನು ಬೇಕೆಂದೇ ಮುಚ್ಚಿಟ್ಟಿದ್ದರೆ, ಅದು ನಿಮಗೆ ಗೊತ್ತಾದ ದಿನದಿಂದ, ಅಥವಾ ತಕ್ಕ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ, ಎಣಿಕೆ ಶುರುವಾಗುತ್ತದೆ ಎಂದು 1980ರ ಲಿಮಿಟೇಶನ್ ಕಾಯ್ದೆಯ 32ನೇ ಕಲಂ ಹೇಳುತ್ತದೆ. ಹಳೆಯ ಕಾರುಗಳ ಕ್ಲೇಮು ಉಳಿದಿದ್ದರೆ ಈ ಕಲಂ ಆಧಾರದಿಂದ. ಪತ್ರಿಕೆಗಳಲ್ಲಿ ಬಂದಾಗಲೇ ಎಲ್ಲರಿಗೂ ಗೊತ್ತಾಗಬೇಕಿತ್ತು ಎಂಬ ಪ್ರತಿವಾದ ಖಂಡಿತ ಬರುತ್ತದೆ. ಕಾರು ಕೊಂಡದ್ದು ಸ್ಕಾಟ್ಲೆಂಡಿನಲ್ಲಾದರೆ ಅಲ್ಲಿ 5 ವರ್ಷ, ದಾವೆಯ ವಿಧಾನವೂ ಬೇರೆ.

ಜನ ಎಡವುವುದು ಹೆಚ್ಚಾಗಿ ಇಲ್ಲೇ. ವಕೀಲರ ವೆಬ್‌ಸೈಟಿನಲ್ಲಿ ಸಹಿ ಮಾಡಿದ ಮಾತ್ರಕ್ಕೆ ಕಾಲಮಿತಿ ನಿಲ್ಲುವುದಿಲ್ಲ. ಕೋರ್ಟಿನಲ್ಲಿ ಕ್ಲೇಮ್ ಫಾರಂ ದಾಖಲಾದರೆ, ಅಥವಾ ಎರಡೂ ಕಡೆಯವರು ಗಡಿಯಾರ ನಿಲ್ಲಿಸಲು ಬರವಣಿಗೆಯಲ್ಲಿ ಒಪ್ಪಿದ್ದರೆ ಮಾತ್ರ ನಿಲ್ಲುತ್ತದೆ. ಇದಲ್ಲದೆ ಈ ದಾವೆಗಳು ನಡೆಯುವುದು ಗ್ರೂಪ್ ಲಿಟಿಗೇಶನ್ ಆರ್ಡರ್ (ಒಂದೇ ಬಗೆಯ ದಾವೆಗಳನ್ನು ಒಟ್ಟಿಗೆ ನಡೆಸುವ ಕೋರ್ಟಿನ ಆದೇಶ) ಅಡಿಯಲ್ಲಿ. ಕಾರು ಇದ್ದವರೆಲ್ಲ ತಾವಾಗಿ ಗುಂಪಿಗೆ ಸೇರಿಬಿಡುವುದಿಲ್ಲ. ಪ್ರತಿಯೊಬ್ಬರ ಹೆಸರೂ ಗ್ರೂಪ್ ರಿಜಿಸ್ಟರಿನಲ್ಲಿ ನಮೂದಾಗಬೇಕು. ಅದಕ್ಕೆ ಕೋರ್ಟು ಕಡೆಯ ದಿನಾಂಕ ಇಟ್ಟಿರಬಹುದು, ದಾಟಿದರೆ ಕೋರ್ಟಿನ ಅನುಮತಿ ಬೇಕು. ಆದ್ದರಿಂದ ಸಂಸ್ಥೆಗೆ ಇಮೇಲ್‌ನಲ್ಲಿ ನೇರವಾಗಿ ಕೇಳಿ: ನನ್ನ ತಯಾರಕರ ಗುಂಪಿಗೆ ಈಗಲೂ ಹೊಸಬರನ್ನು ಸೇರಿಸುತ್ತಿದ್ದಾರೆಯೇ? ನನ್ನ ಕ್ಲೇಮ್ ಫಾರಂ ಯಾವ ದಿನದೊಳಗೆ ದಾಖಲಾಗುತ್ತದೆ, ಕ್ಲೇಮ್ ನಂಬರನ್ನು ಬರವಣಿಗೆಯಲ್ಲಿ ಕೊಡುತ್ತೀರಾ? 2014ರ ಖರೀದಿಗೆ ಕಾಲಮಿತಿಯ ಬಗ್ಗೆ ನಿಮ್ಮ ಸಲಹೆ ಏನು? ಇವಕ್ಕೆ ನೇರ ಉತ್ತರ ಕೊಡದ ಸಂಸ್ಥೆಗೆ ನಿಮ್ಮ ಸಹಿ ಕೊಡಬೇಡಿ.

ಇನ್ನು ಫೀಸು. ಎರಡು ಬಗೆಯ ಕರಾರು ಸಾಮಾನ್ಯ. ಒಂದರಲ್ಲಿ ಗೆದ್ದ ಹಣದಲ್ಲಿ ಶೇಕಡಾವಾರು ಪಾಲು. 2013ರ ನಿಯಮಗಳ ಪ್ರಕಾರ ಇಂಥ ದಾವೆಗಳಲ್ಲಿ ಇದು ವ್ಯಾಟ್ ಸೇರಿ ಶೇ. 50 ಮೀರುವಂತಿಲ್ಲ. ಇನ್ನೊಂದರಲ್ಲಿ ಗಂಟೆ ಲೆಕ್ಕದ ಫೀಸು ಮತ್ತು ಅದರ ಮೇಲೆ ‘ಸಕ್ಸೆಸ್ ಫೀ’. ಇದು ಮೂಲ ಫೀಸಿನ ಶೇ. 100ರವರೆಗೂ ಹೋಗಬಹುದು. 2013ರ ಏಪ್ರಿಲ್‌ನಿಂದೀಚಿನ ಕರಾರುಗಳಲ್ಲಿ ಇದನ್ನು ಸೋತ ಪಕ್ಷದಿಂದ ವಸೂಲು ಮಾಡಲಾಗದು, ನಿಮ್ಮ ಪರಿಹಾರದಿಂದಲೇ ಕಡಿತವಾಗುತ್ತದೆ. ಈ ಎರಡನೇ ಬಗೆಯಾದರೆ ‘ಒಟ್ಟು ಕಡಿತ ಪರಿಹಾರದ ಇಷ್ಟು ಶೇಕಡಾ ಮೀರದು’ ಎಂಬ ಸಾಲು ಇದೆಯೇ ಹುಡುಕಿ. ಅದಿಲ್ಲದ ಕರಾರು ಬೇಡ.

‘ಶೇ. 30’ ಎಂದು ದೊಡ್ಡಕ್ಷರದಲ್ಲಿ ಬರೆದು ಕೆಳಗೆ ‘ವ್ಯಾಟ್ ಪ್ರತ್ಯೇಕ’ ಎಂದಿದ್ದರೆ, ಶೇ. 20ರ ವ್ಯಾಟ್ ಸೇರಿ ಅದು ಶೇ. 36 ಆಗುತ್ತದೆ. 2,000 ಪೌಂಡ್ ಬಂದರೆ ನಿಮ್ಮ ಕೈಗೆ 1,280. ಶೇ. 50 ಆದರೆ 1,000. ವಿಮೆಯ ಪ್ರೀಮಿಯಂ ಇದರೊಳಗೇ ಇದೆಯೋ, ಮೇಲೆ ಬೇರೆಯಾಗಿ ಕಡಿಯುತ್ತಾರೋ ಕೇಳಿ. ಚಿಕ್ಕ ಮೊತ್ತದ ಪರಿಹಾರದಲ್ಲಿ ಅದೇ ದೊಡ್ಡ ಪಾಲು ತಿಂದುಬಿಡಬಹುದು.

ವಿಮೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಜವಾದ ಅಪಾಯ ಅಡಗಿರುವುದು ಅಲ್ಲಿ. ‘ಫೀಸಿಲ್ಲ’ ಎಂಬುದು ನಿಮ್ಮ ವಕೀಲರ ಫೀಸಿಗೆ ಮಾತ್ರ ಅನ್ವಯಿಸುವ ಮಾತು. ಇಂಗ್ಲೆಂಡಿನಲ್ಲಿ ಸೋತವರು ಗೆದ್ದವರ ಖರ್ಚು ಕೊಡಬೇಕೆಂಬುದು ಸಾಮಾನ್ಯ ನಿಯಮ. ಗುಂಪು ದಾವೆಯಲ್ಲಿ ಸಾಮೂಹಿಕ ಖರ್ಚನ್ನು ಸದಸ್ಯರಿಗೆ ಸಮನಾಗಿ ಹಂಚುವುದು ವಾಡಿಕೆ, ಅಂದರೆ ಇಡೀ ಬಿಲ್ಲು ಒಬ್ಬರ ತಲೆಗೆ ಬರುವುದಿಲ್ಲ. ಆದರೆ ನಿಮ್ಮ ಪಾಲು ಸೊನ್ನೆಯೂ ಅಲ್ಲ. ಆ ಪಾಲನ್ನು ಭರಿಸಲೆಂದು ಮಾಡುವ ವಿಮೆಗೆ ‘ಆಫ್ಟರ್ ದಿ ಇವೆಂಟ್’ ವಿಮೆ ಎನ್ನುತ್ತಾರೆ. ಪಾಲಿಸಿ ನಿಮ್ಮ ಹೆಸರಿಗೆ ಅನ್ವಯಿಸುತ್ತದೆಯೇ, ಮೊತ್ತದ ಮಿತಿ ಎಷ್ಟು, ವಿಮಾದಾರರು ಯಾವ ಸಂದರ್ಭದಲ್ಲಿ ಕೈಬಿಡಬಹುದು ಎಂದು ನೋಡಿ. ತಪ್ಪು ಮಾಹಿತಿ ಕೊಟ್ಟರೆ, ವಕೀಲರ ಪತ್ರಗಳಿಗೆ ಉತ್ತರಿಸದಿದ್ದರೆ, ಅವರ ಸಲಹೆ ಮೀರಿ ರಾಜಿ ನಿರಾಕರಿಸಿದರೆ ರಕ್ಷಣೆ ತಪ್ಪುವುದು ಸಾಮಾನ್ಯ ಷರತ್ತು. 2024ರ ಜನವರಿಯಲ್ಲಿ ಶೆಫೀಲ್ಡ್‌ನ ಒಂದು ವಕೀಲ ಸಂಸ್ಥೆ ಮುಳುಗಿತು. ಮನೆ ಗೋಡೆಗಳ ಇನ್ಸುಲೇಶನ್ ಕೆಟ್ಟದ್ದಕ್ಕೆ ಅದರ ಮೂಲಕ ಇದೇ ‘ಗೆದ್ದರೆ ಮಾತ್ರ ಫೀಸು’ ಕರಾರಿನಲ್ಲಿ ದಾವೆ ಹೂಡಿದ್ದ ಸಾಮಾನ್ಯ ಜನರಿಗೆ, ವಿಮೆ ಕೈಕೊಟ್ಟು, ಎದುರು ಪಕ್ಷದ ಸಾವಿರಾರು ಪೌಂಡುಗಳ ಬಿಲ್ಲು ಬಂತು. ಆ ಜನ ಮಾಡಿದ್ದು ತಮಗೆ ಕೊಟ್ಟ ಮಾತನ್ನು ನಂಬಿದ್ದಷ್ಟೇ. ಪಾಲಿಸಿಯ ಪ್ರತಿ ಕಣ್ಣಾರೆ ನೋಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ದಾಖಲೆಗಳ ಮಾತು. ಲಾಗ್ ಬುಕ್, ಅಂದರೆ ವಿ5ಸಿ, ಕಾರಿನೊಂದಿಗೆ ಹೋಗಿರುತ್ತದೆ. ಹಳೆಯ ಫೋಟೊ ಇದ್ದರೆ ಅದರಲ್ಲಿ 17 ಅಕ್ಷರಗಳ ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) ‘ಇ’ ಖಾನೆಯಲ್ಲಿರುತ್ತದೆ. ಇಂಧನದ ಖಾನೆಯಲ್ಲಿ ‘ಹೆವಿ ಆಯಿಲ್’ ಎಂದಿದ್ದರೆ ಗಾಬರಿ ಬೇಡ, ಡೀಸೆಲ್ಲನ್ನು ಅಲ್ಲಿ ಬರೆಯುವುದೇ ಹಾಗೆ. ವಿ5ಸಿ ತೋರಿಸುವುದು ನೋಂದಾಯಿತ ‘ಕೀಪರ್’ (ಕಾರು ಇಟ್ಟುಕೊಂಡವರು) ಯಾರೆಂಬುದನ್ನು, ಮಾಲೀಕತ್ವವನ್ನಲ್ಲ. ಹಾಗಾಗಿ ಡೀಲರ್ ಬಿಲ್ಲು, ಪಿಸಿಪಿ ಕರಾರು, ಕಂತು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟು ಬೇಕು. ಇಲ್ಲದಿದ್ದರೆ ಸಾಲ ಕೊಟ್ಟ ಕಂಪನಿಗೆ ‘ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್’ (ನಿಮ್ಮ ಬಗ್ಗೆ ಅವರಲ್ಲಿರುವ ದಾಖಲೆ ಕೊಡಿ ಎಂಬ ಮನವಿ) ಕಳಿಸಿ: ಪೂರ್ತಿ ಹೆಸರು, ಜನ್ಮದಿನ, ಅಂದಿನ ಬ್ರಿಟನ್ ವಿಳಾಸ, ಕಾರಿನ ನಂಬರು, ಪಾಸ್‌ಪೋರ್ಟ್ ಪ್ರತಿ. ಸಾಮಾನ್ಯವಾಗಿ ಶುಲ್ಕವಿಲ್ಲ, ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಖಾತೆ ಮುಗಿದು ವರ್ಷಗಳಾದ ಮೇಲೆ ದಾಖಲೆ ಅಳಿಸಿರಬಹುದು, ಆದ್ದರಿಂದ ಇದನ್ನು ಮೊದಲು ಮಾಡಿ. ನೀವು ಕೀಪರ್ ಆಗಿದ್ದ ದಿನಾಂಕಗಳನ್ನು ವಾಹನ ನೋಂದಣಿಯ ಸರ್ಕಾರಿ ಸಂಸ್ಥೆ ಡಿವಿಎಲ್‌ಎಯಿಂದಲೂ ಇದೇ ರೀತಿ ಕೇಳಬಹುದು. ಕಾರು ಮಾರಿದಾಗ ಅವರು ಕಳಿಸಿದ ದೃಢೀಕರಣ ಪತ್ರ, ರಸ್ತೆ ತೆರಿಗೆ ಹಿಂತಿರುಗಿಸಿದ ದಾಖಲೆ ಹಳೆಯ ಫೈಲಿನಲ್ಲಿದ್ದರೆ ಮಾರಾಟದ ದಿನಕ್ಕೆ ಒಳ್ಳೆಯ ಸಾಕ್ಷಿ. ನಂಬರು ಗೊತ್ತಿದ್ದರೆ ಬ್ರಿಟಿಷ್ ಸರ್ಕಾರದ ತಾಣದಲ್ಲಿ ಎಂಓಟಿ (ವಾಹನದ ವಾರ್ಷಿಕ ಕ್ಷಮತಾ ಪರೀಕ್ಷೆ) ಇತಿಹಾಸ ಉಚಿತವಾಗಿ ಸಿಗುತ್ತದೆ.

ಕಾರು ಮಾರಿದ್ದು ಅಡ್ಡಿಯಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವರೂ ತಮ್ಮ ಅವಧಿಗೆ ಕೇಳಬಹುದು. ಆದರೆ ಕಂಪನಿ ಕೊಟ್ಟ ಕಾರಾದರೆ ಕರಾರು ಯಾರ ಹೆಸರಿನಲ್ಲಿತ್ತೋ ಅವರದೇ ಹಕ್ಕು. ಬೆಂಗಳೂರಿನಲ್ಲಿರುವುದನ್ನು ಮುಚ್ಚಿಡಬೇಡಿ: ಹೊರದೇಶದ ವಾದಿಯಿಂದ ಖರ್ಚಿಗೆ ಭದ್ರತೆ ಕೇಳುವ ಅಧಿಕಾರ ಕೋರ್ಟಿಗಿದೆ, ವಿಮಾದಾರರಿಗೂ ಇದು ತಿಳಿದಿರಬೇಕು. ಫಾರಂನಲ್ಲಿ ಇಂಗ್ಲೆಂಡಿನ ಹಳೆಯ ವಿಳಾಸ ಹಾಕಿ ಸುಮ್ಮನಾದರೆ ಪತ್ರಗಳು ನಿಮಗೆ ತಲುಪುವುದಿಲ್ಲ, ಉತ್ತರಿಸದ ಕಾರಣಕ್ಕೇ ಹೆಸರು ಬಿದ್ದುಹೋಗಬಹುದು. ಬ್ರಿಟನ್ ಮೊಬೈಲ್ ನಂಬರು ಹೋಗಿದ್ದರೆ ಒಟಿಪಿ ಹೋಗುವ ನಂಬರನ್ನು ಬದಲಿಸಿಕೊಳ್ಳಿ.

ಮೆಸೇಜಿನಲ್ಲಿರುವ ಲಿಂಕ್ ಒತ್ತಬೇಡಿ. ಸಂಸ್ಥೆಯ ಹೆಸರನ್ನು ವಕೀಲರ ನಿಯಂತ್ರಣ ಸಂಸ್ಥೆಯಾದ ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿಯ ರಿಜಿಸ್ಟರಿನಲ್ಲಿ ಹುಡುಕಿ, ಅಲ್ಲಿ ಕೊಟ್ಟಿರುವ ವಿಳಾಸದ ಮೂಲಕವೇ ಸಂಪರ್ಕಿಸಿ. ವಕೀಲರಲ್ಲದ ಮಧ್ಯವರ್ತಿ ಕಂಪನಿಯಾದರೆ 2019ರ ಏಪ್ರಿಲ್‌ನಿಂದ ಅದು ಹಣಕಾಸು ನಿಯಂತ್ರಣ ಸಂಸ್ಥೆ ಎಫ್‌ಸಿಎ ಹಿಡಿತದಲ್ಲಿದೆ, ಅಲ್ಲಿ ನೋಡಿ. ನೋಂದಣಿ ಶುಲ್ಕ, ‘ಹಣ ಬಿಡುಗಡೆ ತೆರಿಗೆ’ ಎಂದು ಮುಂಗಡ ಕೇಳಿದರೆ ಅದು ವಂಚನೆಯೇ.

ದೂರದಿಂದ ಮಾಡಿದ ಕರಾರನ್ನು 14 ದಿನಗಳಲ್ಲಿ ಕಾರಣ ಕೊಡದೆ ರದ್ದು ಮಾಡಬಹುದು. ಆಮೇಲೆ ಬಿಟ್ಟರೆ ಅಲ್ಲಿಯವರೆಗಿನ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ಷರತ್ತು ಇರುವುದುಂಟು. ಅದೇ ಕಾರಣಕ್ಕೆ ಒಂದೇ ಕಾರಿಗೆ ಎರಡು ಸಂಸ್ಥೆಗಳಲ್ಲಿ ಸಹಿ ಮಾಡಬೇಡಿ. ಹಿಂದೆ ಎಲ್ಲಾದರೂ ಫಾರಂ ತುಂಬಿದ್ದೀರಾ ಎಂದು ಹಳೆಯ ಇಮೇಲ್ ತಡಕಿ ನೋಡಿ.

ಕೊನೆಯದಾಗಿ, ನಿಮ್ಮದು ಪಿಸಿಪಿ ಆದ್ದರಿಂದ ಹೇಳಲೇಬೇಕಾದದ್ದು: ಕಾರು ಸಾಲದಲ್ಲಿ ಡೀಲರಿಗೆ ಹೋದ ಕಮಿಷನ್ ಕುರಿತ ಪರಿಹಾರ ಸಂಪೂರ್ಣ ಬೇರೆ ವಿಷಯ. ಅದಕ್ಕೆ ಸಾಲ ಕೊಟ್ಟವರಿಗೆ ನೀವೇ ಉಚಿತವಾಗಿ ದೂರು ಬರೆಯಬಹುದು, ವಕೀಲರು ಬೇಡ. ಕೆಲವು ಫಾರಂಗಳಲ್ಲಿ ಹೊಗೆಯ ಕ್ಲೇಮಿನ ಜೊತೆ ಸಾಲದ ಕ್ಲೇಮಿಗೂ ಒಂದೇ ಟಿಕ್ ಇರುತ್ತದೆ. ಅದನ್ನು ತೆಗೆದುಹಾಕಿಸಿ, ಪುಕ್ಕಟೆ ಸಿಗುವುದರಲ್ಲಿ ಮೂರನೇ ಒಂದು ಪಾಲನ್ನು ಬೇರೆಯವರಿಗೆ ಕೊಡುವ ಅಗತ್ಯವಿಲ್ಲ.