ಚಿತ್ರ ನೋಡೋಣ ಬನ್ನಿ: ಹಬ್ಬದ ಮನೆಯಲ್ಲಿ ಅಳುತ್ತಿರುವ ಹುಡುಗ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಚಳಿಗಾಲದ ಹಬ್ಬಗಳ ಚಿತ್ರಗಳ ಬಗ್ಗೆಯೇ. ಓದಿ ಖುಷಿಯಾಯಿತು. ಮೂವತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟವಳು ನಾನು. ಈ ಚಿತ್ರಗಳ ಅಚ್ಚುಪ್ರತಿಗಳನ್ನು ತರಗತಿಗೆ ಒಯ್ದು ಒಯ್ದು ಅವುಗಳ ಅಂಚೆಲ್ಲ ಸವೆದಿದೆ. ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಏಸು ಹುಟ್ಟಿದ ಬೆತ್ಲೆಹೆಮ್‌ನಲ್ಲಿ ಹಿಮ ಬೀಳುವುದೇ ಅಪರೂಪ. ಆದರೂ ಕ್ರಿಸ್‌ಮಸ್ ಚಿತ್ರಗಳಲ್ಲಿ ಎಲ್ಲಿ ನೋಡಿದರೂ ಹಿಮ. ಇದು ಹೇಗೆ ಬಂತು?

ಚಿತ್ರಕಾರರು ತಮ್ಮ ಊರನ್ನೇ ಬೆತ್ಲೆಹೆಮ್ ಮಾಡಿಕೊಂಡರು. ಅದರಿಂದ ಬಂತು. ಇದಕ್ಕೆ ನಾನು ಯಾವಾಗಲೂ ತೋರಿಸುವುದು ಪೀಟರ್ ಬ್ರೂಗೆಲ್ 1566ರಲ್ಲಿ ಬರೆದ ಚಿತ್ರ, 'ಬೆತ್ಲೆಹೆಮ್‌ನ ಜನಗಣತಿ'. ಈಗ ಅದು ಬ್ರಸೆಲ್ಸ್‌ನ ಮ್ಯೂಸಿಯಂನಲ್ಲಿದೆ. ಹೆಸರು ಬೆತ್ಲೆಹೆಮ್, ಆದರೆ ಕಾಣುವುದೆಲ್ಲ ಅವನ ನಾಡಾದ ಫ್ಲಾಂಡರ್ಸ್‌ನ, ಅಂದರೆ ಈಗಿನ ಬೆಲ್ಜಿಯಂ ಕಡೆಯ ಹಳ್ಳಿ. 1564-65ರ ಚಳಿಗಾಲ ಆ ಕಡೆಯ ಜನರನ್ನು ನಡುಗಿಸಿಬಿಟ್ಟಿತ್ತು. ಅದಾಗಿ ಒಂದು ವರ್ಷಕ್ಕೆ ಬರೆದ ಚಿತ್ರ ಇದು.

ಸುಮ್ನೆ ಒಮ್ಮೆ ಕಣ್ಣಾಡಿಸಿದರೆ ಏಸುವಿನ ತಾಯಿ ಮೇರಿ, ಅವಳ ಗಂಡ ಬಡಗಿ ಜೋಸೆಫ್ ಸಿಗುವುದೇ ಇಲ್ಲ. ಹಿಮದ ಉಂಡೆ ಎಸೆದಾಡುವ ಮಕ್ಕಳು, ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುವವರು, ಹಂದಿ ಕೊಯ್ಯುತ್ತಿರುವವರು, ಕಿಟಕಿಯ ಮುಂದೆ ಹೆಸರು ಬರೆಸಲು, ತೆರಿಗೆ ಕಟ್ಟಲು ಮುಗಿಬಿದ್ದ ಗುಂಪು. ಅವರ ನಡುವೆ ಹೆಗಲ ಮೇಲೆ ಉದ್ದನೆಯ ಗರಗಸ ಹೊತ್ತ ಒಬ್ಬ ಬಡಗಿ ನಡೆಯುತ್ತಿದ್ದಾನೆ. ಅವನ ಹಿಂದೆ ಕತ್ತೆಯ ಮೇಲೆ ನೀಲಿ ಹೊದಿಕೆಯ ಹೆಂಗಸು. ಅವರೇ. ಒಬ್ಬರೂ ಅವರತ್ತ ತಿರುಗಿ ನೋಡುತ್ತಿಲ್ಲ. ಆ ಗರಗಸ ಕಂಡಾಗ ತರಗತಿಯಲ್ಲಿ ಯಾರಾದರೊಬ್ಬ ಮಗು ಕೂಗಿಕೊಳ್ಳುತ್ತಿತ್ತು, 'ಮಿಸ್, ಸಿಕ್ಕಿದ್ರು!' ಅಂತ.

ಇದಕ್ಕೂ ಮುಂಚೆ, 1563ರಲ್ಲಿ, ಅದೇ ಬ್ರೂಗೆಲ್ ಮೂವರು ಅರಸರು ಮಗುವನ್ನು ನೋಡಲು ಬಂದ ಚಿತ್ರ ಬರೆದ. ಅಲ್ಲಿ ಹಿಮ ನೆಲದ ಮೇಲೆ ಬಿದ್ದಿರುವುದಷ್ಟೇ ಅಲ್ಲ, ಬೀಳುತ್ತಲೇ ಇದೆ. ಇಡೀ ಚಿತ್ರ ಮುಗಿದ ಮೇಲೆ ಬಿಳಿ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟಿದ್ದಾನೆ. ತಾಯಿ ಮಗು ಎಡಗಡೆ ಮೂಲೆಯಲ್ಲಿ, ಅರ್ಧ ಮರೆಯಲ್ಲಿದ್ದಾರೆ.

ಪ್ರಶ್ನೆ: ಸಾಂಟಾ ಕ್ಲಾಸ್‌ಗೆ ಕೆಂಪು ಅಂಗಿ ತೊಡಿಸಿದ್ದು ಕೋಕಾ-ಕೋಲಾ ಕಂಪನಿ ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ನಿಜವೇ?

ಇಲ್ಲ. ಕಂಪನಿಗಾಗಿ ಹ್ಯಾಡನ್ ಸಂಡ್‌ಬ್ಲಮ್ ಎಂಬ ಕಲಾವಿದ ಸಾಂಟಾನನ್ನು ಬರೆಯಲು ಶುರುಮಾಡಿದ್ದು 1931ರಲ್ಲಿ. ಅಷ್ಟು ಹೊತ್ತಿಗಾಗಲೇ ಅಮೆರಿಕದ ಪತ್ರಿಕೆಗಳ ಮುಖಪುಟದಲ್ಲಿ ಕೆಂಪು ಅಂಗಿಯ ಸಾಂಟಾ ಬಂದು ಹೋಗಿದ್ದ.

ನಿಜವಾಗಿ ಅವನಿಗೆ ರೂಪ ಕೊಟ್ಟವನು ಥಾಮಸ್ ನ್ಯಾಸ್ಟ್. ಜರ್ಮನಿಯಲ್ಲಿ 1840ರಲ್ಲಿ ಹುಟ್ಟಿ, ಚಿಕ್ಕವನಿದ್ದಾಗಲೇ ನ್ಯೂಯಾರ್ಕ್‌ಗೆ ಬಂದವನು. 1863ರ ಜನವರಿಯಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಗೆ ಅವನು ಬರೆದ ಸಾಂಟಾ ಸೈನಿಕರ ಶಿಬಿರದಲ್ಲಿ ಉಡುಗೊರೆ ಹಂಚುತ್ತಾನೆ. ಮೈಮೇಲೆ ನಕ್ಷತ್ರ, ಪಟ್ಟೆಗಳಿರುವ ಬಟ್ಟೆ. ಅಂದರೆ ಬಾವುಟವನ್ನೇ ತೊಟ್ಟಿದ್ದಾನೆ! ಹಬ್ಬಕ್ಕೆ ಮನೆಗೆ ಹೋಗಲಾಗದ ಸೈನಿಕರಿಗೆ ಅದು ಹೇಗೆ ಕಂಡಿರಬೇಕು ಅಂತ ನನಗೆ ಆಗಾಗ ಅನ್ನಿಸುತ್ತದೆ. ಮುಂದೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನ್ಯಾಸ್ಟ್ ಅವನನ್ನು ಬರೆಯುತ್ತಲೇ ಹೋದ. ಸಾಂಟಾನ ಮನೆ ಉತ್ತರ ಧ್ರುವದಲ್ಲಿದೆ ಎಂಬ ಮಾತು ಹರಡಿದ್ದರಲ್ಲೂ ಅವನ ಕೈ ಇದೆ. ಗುಂಡಗಿನ ಹೊಟ್ಟೆ, ಬಾಯಲ್ಲಿ ಹೊಗೆ ಸೇದುವ ಉದ್ದದ ಕೊಳವೆ, ತೋಳಿನ ತುಂಬ ಆಟಿಕೆ ತುಂಬಿಕೊಂಡು ನಿಂತ ಸಾಂಟಾ ಬಂದದ್ದು 1881ರಲ್ಲಿ.

ಹಾಗಂತ ಸಂಡ್‌ಬ್ಲಮ್‌ನನ್ನು ತಳ್ಳಿಹಾಕುವಂತಿಲ್ಲ. 1964ರವರೆಗೆ ಬರೆದ. ಮೊದಲು ನೆರೆಯ ಹಿರಿಯ ಗೆಳೆಯನೊಬ್ಬನನ್ನು ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದ. ಆತ ತೀರಿಕೊಂಡ ಮೇಲೆ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡು ಬರೆದ. ಆ ಸಾಂಟಾನ ಕೆನ್ನೆ, ಕಣ್ಣಂಚಿನ ಸುಕ್ಕು ನಮ್ಮ ಪರಿಚಯದವರದ್ದೇ ಅನ್ನಿಸುವುದು ಅದಕ್ಕೇ ಇರಬೇಕು, ಅಲ್ವಾ?

ಪ್ರಶ್ನೆ: ಹಬ್ಬದ ಚಿತ್ರಗಳಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ. ನನಗೆ ಹೋದ ವರ್ಷ ಮನೆಯಲ್ಲೊಂದು ಸಾವಾಯಿತು. ಇಂಥ ಚಿತ್ರ ನೋಡಿದರೆ ದೂರ ಸರಿಯಬೇಕು ಅನ್ನಿಸುತ್ತದೆ. ಬೇರೆ ಥರದ್ದು ಇವೆಯೇ?

ಇವೆ ಅಮ್ಮಾ. ನಿಮ್ಮ ಪತ್ರ ಓದಿದಾಗ ನೆನಪಿಗೆ ಬಂದದ್ದು ಯಾನ್ ಸ್ಟೀನ್ ಬರೆದ 'ಸಂತ ನಿಕೋಲಸರ ಹಬ್ಬ'. 1665ರಿಂದ 68ರ ನಡುವಿನ ಚಿತ್ರ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. ಆ ಕಾಲದಲ್ಲಿ ಡಿಸೆಂಬರ್ 5ರ ರಾತ್ರಿ ಡಚ್ ಮಕ್ಕಳು ತಮ್ಮ ಬೂಟು ಇಟ್ಟು ಮಲಗುತ್ತಿದ್ದರು. ಒಳ್ಳೆ ಮಕ್ಕಳ ಬೂಟಿನಲ್ಲಿ ಬೆಳಗ್ಗೆ ತಿಂಡಿ, ಆಟಿಕೆ. ತಂಟೆ ಮಾಡಿದವರಿಗೆ ಕಡ್ಡಿಗಳ ಕಟ್ಟು, ಅಂದರೆ ಹೊಡೆಯುವ ಛಡಿ.

ಚಿತ್ರದ ನಡುವೆ ಪುಟ್ಟ ಹುಡುಗಿ. ತೋಳಿನಲ್ಲಿ ಗೊಂಬೆಯನ್ನು ಅವಚಿಕೊಂಡಿದ್ದಾಳೆ. ಅಮ್ಮ ಕೈಚಾಚಿ ಕರೆದರೂ ಬಿಟ್ಟುಕೊಡುವ ಹಾಗಿಲ್ಲ. ಎಡಗಡೆ ಅವಳಣ್ಣ ಕಣ್ಣೊರೆಸಿಕೊಂಡು ಅಳುತ್ತಿದ್ದಾನೆ. ಅವನ ಹಿಂದೆ ನಿಂತವಳು ಬೂಟನ್ನು ಎತ್ತಿ ಹಿಡಿದಿದ್ದಾಳೆ, ಒಳಗಿರುವುದು ಛಡಿ! ಇನ್ನೊಬ್ಬ ಚಿಕ್ಕ ಹುಡುಗ ಅವನತ್ತ ಬೆರಳು ತೋರಿಸಿ, ನಮ್ಮ ಕಡೆ ತಿರುಗಿ ನಗುತ್ತಿದ್ದಾನೆ. ಮನೆ ತುಂಬ ಗದ್ದಲ. ಬುಟ್ಟಿ ತುಂಬ ಬ್ರೆಡ್ಡು, ಸಿಹಿ. ಎಲ್ಲ ಚೆಲ್ಲಾಪಿಲ್ಲಿ. ಡಚ್ಚರು ಇವತ್ತಿಗೂ ಅಸ್ತವ್ಯಸ್ತ ಮನೆಗೆ 'ಯಾನ್ ಸ್ಟೀನ್ ಮನೆ' ಅನ್ನುತ್ತಾರೆ.

ಈಗ ಹಿಂದಕ್ಕೆ ನೋಡಿ. ಮಂಚದ ಪರದೆಯ ಹತ್ತಿರ ಅಜ್ಜಿ. ಒಂದು ಕೈಯಲ್ಲಿ ಪರದೆ ಸರಿಸಿದ್ದಾಳೆ, ಇನ್ನೊಂದು ಬೆರಳಿನಿಂದ ಹುಡುಗನನ್ನು 'ಬಾ ಇಲ್ಲಿ' ಅಂತ ಕರೆಯುತ್ತಿದ್ದಾಳೆ. ಅವನ ಪಾಲಿನ ಉಡುಗೊರೆ ಅಲ್ಲಿರಬೇಕು. ಹುಡುಗ ಇನ್ನೂ ನೋಡಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿದೆಯಲ್ಲ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಆ ಗಳಿಗೆಯಲ್ಲೇ ಸ್ಟೀನ್ ಚಿತ್ರವನ್ನು ನಿಲ್ಲಿಸಿದ್ದಾನೆ.

ಒಂದು ವರ್ಷ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಯಾರ ಜೊತೆಯೂ ಮಾತಿಲ್ಲ. ಈ ಚಿತ್ರ ಕೊಟ್ಟ ದಿನ ಎಲ್ಲರೂ ಗೊಂಬೆ, ಬ್ರೆಡ್ಡು ಅಂತ ಎಣಿಸುತ್ತಿದ್ದರೆ ಅವನು ಎದ್ದು ಬಂದು ಬೆರಳಿಟ್ಟದ್ದು ಅಜ್ಜಿಯ ಮೇಲೆ. ಏನೂ ಹೇಳಲಿಲ್ಲ, ಹೋಗಿ ಕೂತುಕೊಂಡ. ಅವತ್ತಿನಿಂದ ನಾನು ಈ ಚಿತ್ರವನ್ನು ಮೊದಲು ಹಿಂದಿನಿಂದಲೇ ನೋಡುವುದು.

ಕ್ರಿಸ್‌ಮಸ್ ಶುಭಾಶಯ ಪತ್ರದ ಮೊದಲ ಚಿತ್ರವನ್ನೂ ನೋಡಿ. 1843ರಲ್ಲಿ ಇಂಗ್ಲೆಂಡಿನ ಹೆನ್ರಿ ಕೋಲ್‌ಗಾಗಿ ಜಾನ್ ಹಾರ್ಸ್‌ಲೀ ಬರೆದದ್ದು, ಸಾವಿರ ಪ್ರತಿ ಅಚ್ಚಾಯಿತು. ನಡುವೆ ಊಟಕ್ಕೆ ಕೂತ ಕುಟುಂಬ. ಪುಟ್ಟ ಮಗುವಿಗೂ ವೈನ್ ಕುಡಿಸುತ್ತಿರುವುದು ಕಂಡು ಆಗ ಜನ ಸಿಟ್ಟಾದರು. ಆದರೆ ಎರಡೂ ಪಕ್ಕದಲ್ಲಿ ಹಸಿದವರಿಗೆ ಅನ್ನ, ಬಟ್ಟೆ ಇಲ್ಲದವರಿಗೆ ಬಟ್ಟೆ ಕೊಡುವ ಚಿತ್ರಗಳಿವೆ. ಊಟದ ಮೇಜಿನ ಜೊತೆಗೆ ಅವರಿಗೂ ಆ ಕಾಗದದಲ್ಲಿ ಜಾಗವಿದೆ.

ಹೊಸ ವರ್ಷದ್ದೊಂದು ಇದೆ, ಅದರಲ್ಲಿ ಮನುಷ್ಯರೇ ಇಲ್ಲ. ಜಪಾನಿನ 'ಹಿರೋಶಿಗೆ' ಎಂಬ ಕಲಾವಿದ 1857ರಲ್ಲಿ ಮಾಡಿದ ಮರದಚ್ಚಿನ ಚಿತ್ರ. ವರ್ಷದ ಕೊನೆಯ ರಾತ್ರಿ ಓಜಿ ಎಂಬಲ್ಲಿ ಬರಿದಾದ ಮರದ ಕೆಳಗೆ ನರಿಗಳು ಸೇರಿವೆ. ಒಂದೊಂದರ ಬಾಯ ಬಳಿಯೂ ಸಣ್ಣ ಬೆಂಕಿ. ಇನಾರಿ ಎಂಬ ಬೆಳೆಯ ದೇವರ ಗುಡಿಗೆ ಹೊರಟಿವೆ. ಆ ಬೆಂಕಿಗಳನ್ನು ಎಣಿಸಿ ರೈತರು ಮುಂದಿನ ಬೆಳೆ ಹೇಗೆ ಅಂತ ಹೇಳುತ್ತಿದ್ದರಂತೆ. ಮೇಲೆ ನಕ್ಷತ್ರ, ಸುತ್ತ ಕತ್ತಲು. ರಾತ್ರಿ ನಿದ್ದೆ ಬಾರದಾಗ ನೋಡುವಂಥದ್ದು.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಪ್ರತಿ ಡಿಸೆಂಬರ್‌ನಲ್ಲೂ ಅದೇ ಹಸಿರು ತ್ರಿಕೋನದ ಮರ, ತುದಿಗೆ ಅದೇ ನಕ್ಷತ್ರ. ಬೇರೆ ಹೇಗೆ ಹೇಳಿಕೊಡಲಿ?

ಡೆನ್ಮಾರ್ಕಿನ ವಿಗ್ಗೊ ಯೊಹಾನ್ಸೆನ್ 1891ರಲ್ಲಿ ಬರೆದ ಕ್ರಿಸ್‌ಮಸ್ ಚಿತ್ರ ತೋರಿಸಿ. ಅವನದೇ ಮನೆಯವರು ಕೈಕೈ ಹಿಡಿದು ಮರದ ಸುತ್ತ ನಿಂತಿದ್ದಾರೆ. ಮರದ ತುಂಬ ಮೇಣದಬತ್ತಿ. ಬೆಳಕು ಅದರಿಂದ ಮಾತ್ರ ಬರುತ್ತಿದೆ. ಹಾಗಾಗಿ ನಮ್ಮ ಕಡೆ ಇರುವವರ ಬೆನ್ನು ಕಪ್ಪು, ಆ ಕಡೆ ಇರುವವರ ಮುಖ ಹೊಳಪು.

ಮಗಳಿಗೆ ಇದನ್ನು ಬರೆ ಅನ್ನಬೇಡಿ. ರಾತ್ರಿ ಕೋಣೆಯ ದೀಪ ಆರಿಸಿ, ಮೇಜಿನ ಮೇಲೆ ಒಂದೇ ಮೇಣದಬತ್ತಿ ಹಚ್ಚಿ. ಅದರ ಮುಂದೆ ನೀವು ಮಗಳಿಗೆ ಬೆನ್ನು ಮಾಡಿ ಕೂರಿ. ಅವಳು ಹಿಂದೆ ಕೂರಲಿ. ಕೈಗೆ ಹಳದಿ ಕ್ರೇಯಾನ್ ಮತ್ತು ಇದ್ದಲು ಕೊಡಿ, ಹಸಿರು ಬೇಡ. ಮೊದಲು ಹಾಳೆಯ ನಡುವೆ ಹಳದಿ ತುಂಬಲಿ. ಆಮೇಲೆ ಅದರ ಮೇಲೆ ಅಮ್ಮನ ಬೆನ್ನನ್ನು ಇದ್ದಲಿನಲ್ಲಿ ಬರೆಯಲಿ. ಕೂದಲಿನ ಅಂಚಿನಲ್ಲಿ ಸಣ್ಣದೊಂದು ಹಳದಿ ಗೆರೆ ಉಳಿಯುತ್ತದೆ. ಅದನ್ನು ಮಾತ್ರ ಅಳಿಸದ ಹಾಗೆ ನೋಡಿಕೊಳ್ಳಿ.