ಉಪಗ್ರಹಗಳಿಲ್ಲದ ಕಾಲದಲ್ಲಿ ಆರ್ಕ್‌ಟಿಕ್ ಸಮುದ್ರದ ಮೇಲೆ ಎಷ್ಟು ಮಂಜುಗಡ್ಡೆ ಇತ್ತೆಂದು ಹೇಗೆ ಗೊತ್ತು?

ಮುಖ್ಯವಾಗಿ ಸಮುದ್ರದ ತಳದ ಕೆಸರಿನಿಂದ. ಇತ್ತೀಚಿನ ಒಂದೆರಡು ಶತಮಾನಕ್ಕೆ ತಿಮಿಂಗಿಲ ಬೇಟೆಯ ಹಡಗುಗಳ ದಿನಚರಿಗಳಿವೆ. ಅದಕ್ಕೂ ಬಹಳ ಹಿಂದಿನದಕ್ಕೆ ಕೆಸರೇ ಸಾಕ್ಷಿ.

ನಮ್ಮ ಸ್ಯಾಂಕಿ ಕೆರೆಯ ಅಂಚಿನ ಕಲ್ಲಿಗೆ ಪಾಚಿ ಕಟ್ಟುತ್ತದಲ್ಲ, ಹಾಗೆಯೇ ವಸಂತದಲ್ಲಿ ಮಂಜುಗಡ್ಡೆಯ ಅಡಿಭಾಗಕ್ಕೆ ಕಂದು ಪಾಚಿ ಕಟ್ಟುತ್ತದೆ. ಅದರ ಕೆಲವು ಜಾತಿಗಳು ಐಪಿ25 ಎಂಬ ಎಣ್ಣೆಯಂಥ ವಸ್ತುವನ್ನು ತಯಾರಿಸುತ್ತವೆ. ಗಡ್ಡೆ ಕರಗಿದಾಗ ಅದು ತಳಕ್ಕಿಳಿದು ಕೆಸರಿನ ಪದರಗಳಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಕೊಳವೆ ಇಳಿಸಿ ಕೆಸರು ತೆಗೆದು, ಪ್ರತಿ ಪದರದ ವಯಸ್ಸು ಗೊತ್ತುಮಾಡಿಕೊಂಡು ಅದನ್ನು ಹುಡುಕುತ್ತಾರೆ. ಆದರೆ ಐಪಿ25 ಸಿಗಲಿಲ್ಲ ಎಂದ ಮಾತ್ರಕ್ಕೆ ಮಂಜುಗಡ್ಡೆಯೇ ಇರಲಿಲ್ಲ ಎನ್ನುವಂತಿಲ್ಲ. ವರ್ಷವಿಡೀ ದಪ್ಪ ಗಡ್ಡೆ ಮುಚ್ಚಿದ್ದರೆ ಬೆಳಕಿಲ್ಲದೆ ಪಾಚಿಯೂ ಬೆಳೆಯದು. ಅದಕ್ಕೇ ತೆರೆದ ನೀರಿನಲ್ಲಿ ಬೆಳೆಯುವ ಪಾಚಿಯ ಗುರುತನ್ನೂ ಜೊತೆಗೆ ನೋಡುತ್ತಾರೆ. ಎಷ್ಟು ಚೆಂದದ ಉಪಾಯ!

1978ರ ಕೊನೆಯಿಂದ ಈ ಕೆಲಸ ಉಪಗ್ರಹಗಳದ್ದು. ಮಂಜುಗಡ್ಡೆ ನೀರಿಗಿಂತ ಹೆಚ್ಚು ಮೈಕ್ರೋವೇವ್ ಹೊರಸೂಸುತ್ತದೆ. ಆಷಾಢದ ಬೆಂಗಳೂರಿನಂತೆ ಮೋಡ ಕವಿದಿದ್ದರೂ, ಧ್ರುವದ ದೀರ್ಘ ಕತ್ತಲಲ್ಲೂ ಆ ಅಲೆಗಳು ಉಪಗ್ರಹಕ್ಕೆ ಮುಟ್ಟುತ್ತವೆ. 2012ರ ಸೆಪ್ಟೆಂಬರಿನಲ್ಲಿ ಆರ್ಕ್‌ಟಿಕ್ ಮಂಜುಗಡ್ಡೆ ಸುಮಾರು 34 ಲಕ್ಷ ಚದರ ಕಿ.ಮೀ.ಗೆ ಕುಗ್ಗಿದ್ದು ತಿಳಿದದ್ದು ಹೀಗೆಯೇ.