ಲ್ಯಾಬಿನಲ್ಲಿ ಸುಡೋ ಕೊಡುತ್ತಿಲ್ಲ, ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮನ್ನು ಸೋರ್ಸ್‌ನಿಂದ ಬಿಲ್ಡ್ ಮಾಡುವುದು ಹೇಗೆ?

ಸುಡೋ, ಅಂದರೆ ರೂಟ್ ಎಂಬ ಯಂತ್ರದ ಮುಖ್ಯ ಖಾತೆಯ ಅಧಿಕಾರ, ಸಿಗುತ್ತಿಲ್ಲ ಎಂದಿರಿ. ಬಿಲ್ಡ್ ಮಾಡಲು ಅದು ಬೇಡವೇ ಬೇಡ. ಕಾಸರಗೋಡಿನ ಕಾಲೇಜೊಂದರಲ್ಲಿ ರೂಟ್ ಪಾಸ್‌ವರ್ಡಿಗಾಗಿ ಮಾಷ್ಟ್ರ ಹಿಂದೆ ನಾನೂ ಅಲೆದವನೇ. ಸೋರ್ಸಿನ ಜೊತೆಗೇ ಬರುವ ಬಿಲ್ಡ್.ಎಸ್‌ಎಚ್ ಸ್ಕ್ರಿಪ್ಟಿಗೆ ದೊಡ್ಡಕ್ಷರದ ಯು ಆಯ್ಕೆ ಕೊಟ್ಟರೆ ಇಡೀ ಸಿಸ್ಟಮ್ ನಿಮ್ಮ ಹೋಮ್ ಫೋಲ್ಡರಿನಲ್ಲೇ ತಯಾರಾಗುತ್ತದೆ. ಕೊಡದಿದ್ದರೆ, ಇನ್‌ಸ್ಟಾಲ್ ಹಂತಕ್ಕೆ ಬಂದಾಗ ಫೈಲಿನ ಓನರ್ ಬದಲಿಸಲು ಅನುಮತಿಯಿಲ್ಲವೆಂದು ನಿಂತುಬಿಡುತ್ತದೆ. ಸಣ್ಣಕ್ಷರದ ಯು ಬೇರೆಯೇ: ಹಳೆಯ ಆಬ್ಜೆಕ್ಟ್ ಫೈಲುಗಳನ್ನು ಅಳಿಸದೆ, ಬದಲಾದದ್ದನ್ನಷ್ಟೇ ಕಂಪೈಲ್ ಮಾಡಲು. ಆಟಿಯ ಮಳೆಗೆ ಕರೆಂಟು ಹೋಗಿ ಬಿಲ್ಡ್ ಅರ್ಧಕ್ಕೆ ನಿಂತರೂ ಮುಂದುವರಿಸಲು ಆ ಸಣ್ಣ ಯುವೇ ಗತಿ.

ದೊಡ್ಡ ಓ ಕೊಟ್ಟು ಆಬ್ಜೆಕ್ಟ್, ದೊಡ್ಡ ಟಿ ಕೊಟ್ಟು ಟೂಲ್ಸ್, ಎರಡೂ ಡೈರೆಕ್ಟರಿಗಳನ್ನು ಸೋರ್ಸಿನ ಹೊರಗಿಡಿ. ಒಟ್ಟಿಗೆ ನಾಲ್ಕು ಕೆಲಸ ನಡೆಯಲು ಸಣ್ಣ ಜೆ ಮುಂದೆ 4. ಮೊದಲು ಟೂಲ್ಸ್, ಆಮೇಲೆ ರಿಲೀಸ್.

ನಾನು ಕೆಟ್ಟದ್ದು ಇದಾದ ಮೇಲೆ. ತಯಾರಾದ ಫೈಲುಗಳು ಬಂದು ಕೂರುವ ಡೆಸ್ಟ್‌ಡಿರ್ ಎಂಬ ಡೈರೆಕ್ಟರಿಯೊಳಗೆ ಬಿನ್, ಯುಎಸ್‌ಆರ್, ಇಟಿಸಿ ಎಲ್ಲ ಬಡಿಸಿಟ್ಟ ಹಾಗೆ ಕಂಡವು. ಅದನ್ನೇ ಟಾರ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ, ಬದಿಯಡ್ಕದ ಮನೆಯ ಕಂಪ್ಯೂಟರಿನಲ್ಲಿ ನೇರ ರೂಟ್ ಡೈರೆಕ್ಟರಿಗೇ ಬಿಚ್ಚಿದೆ. ರೂಟ್ ಅಲ್ಲದವನು ಫೈಲನ್ನು ರೂಟ್ ಹೆಸರಿಗೆ ಮಾಡಲಾರನಲ್ಲ? ಹಾಗಾಗಿ ಅಲ್ಲಿರುವುದೆಲ್ಲ ಬಿಲ್ಡ್ ಮಾಡಿದವನ ಹೆಸರಲ್ಲಿ, ಸೆಟ್‌ಯುಐಡಿ ಬಿಟ್ (ಯಾರು ಓಡಿಸಿದರೂ ಪ್ರೋಗ್ರಾಮಿಗೆ ಅದರ ಓನರಿನ ಅಧಿಕಾರ ಕೊಡುವ ಗುರುತು) ಇಲ್ಲದೆ ಇರುತ್ತದೆ. ಯಾವ ಫೈಲು ಯಾರದ್ದು, ಅನುಮತಿ ಎಷ್ಟು ಎಂಬುದು ಮೆಟಲಾಗ್ ಎಂಬ ಟೆಕ್ಸ್ಟ್ ಫೈಲಿನಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಡೆಸ್ಟ್‌ಡಿರ್ ಜಾಗ, ಮೆಟಲಾಗ್ ಅದರ ಆಧಾರ. ನಾನು ಆಧಾರ ಓದದೆ ಬೇಲಿ ಹಾಕಿದೆ. ಫೈಲುಗಳ ಓನರ್ ಇರಬೇಕಾದಲ್ಲಿ ಮನೆಯ ಯಂತ್ರದಲ್ಲಿ ಯಾರಿಗೂ ಸೇರದ ಒಂದು ನಂಬರ್; ರೂಟ್ ಆಗಲು ಬಳಸುವ ಎಸ್‌ಯು ಕೆಲಸ ಮಾಡಲಿಲ್ಲ. ಸೆಟ್ಟಿಂಗ್ ಫೈಲುಗಳಿರುವ ಇಟಿಸಿಯೂ ಹೊಸದಾಗಿ ನನ್ನ ಬಳಕೆದಾರರು ಮಾಯ, ರೂಟ್ ಪಾಸ್‌ವರ್ಡ್ ಖಾಲಿ. ಬೂಟ್ ಸೆಟ್ಟಿಂಗ್‌ಗಳ ಆರ್‌ಸಿ.ಕಾನ್ಫ್‌ನಲ್ಲಿ ಆರ್‌ಸಿ_ಕಾನ್ಫಿಗರ್ಡ್ ಮತ್ತೆ 'ನೋ' ಆದ್ದರಿಂದ ಬೂಟ್ ಸಿಂಗಲ್ ಯೂಸರ್ ಎಂಬ ರಿಪೇರಿ ಸ್ಥಿತಿಯಲ್ಲೇ ನಿಂತಿತು. ಪಾಸ್‌ವರ್ಡಿಗೆ ಅಲೆದವನಿಗೆ ಪಾಸ್‌ವರ್ಡೇ ಇಲ್ಲದ ರೂಟ್ ಸಿಕ್ಕಿತ್ತು!

ಒಯ್ಯಬೇಕಾದ್ದು ರಿಲೀಸ್ ಡೈರೆಕ್ಟರಿಯ ಬೈನರಿ, ಅದರೊಳಗಿನ ಸೆಟ್ಸ್ ಫೋಲ್ಡರನ್ನು. ಅಲ್ಲಿನ ಟಾರ್‌ಗಳಿಗೆ ಮೆಟಲಾಗ್ ನೋಡಿಯೇ ಸರಿಯಾದ ಓನರ್ ತುಂಬಿರುತ್ತದೆ. ಹೊಸ ಕರ್ನಲ್ ಹಾಕಿ ರೀಬೂಟ್ ಮಾಡಿ, ಆಮೇಲೆ ಬೇಸ್ ಮೊದಲಾದ ಸೆಟ್‌ಗಳನ್ನು, ಅನುಮತಿಗಳು ಹಾಗೇ ಉಳಿಯಲು ಟಾರ್‌ನ ಸಣ್ಣ ಪಿ ಸೇರಿಸಿ ಬಿಚ್ಚಬೇಕು. ಇಟಿಸಿ, ಎಕ್ಸ್‌ಇಟಿಸಿ ಸೆಟ್‌ಗಳನ್ನು ಮಾತ್ರ ಬಿಚ್ಚಬಾರದು, ಹಳೆಯ ಸೆಟ್ಟಿಂಗ್‌ಗಳೊಡನೆ ಹೋಲಿಸಿ ಸೇರಿಸುವ ಇಟಿಸಿಅಪ್‌ಡೇಟ್‌ಗೆ ಕೊಡಬೇಕು. ಕೊನೆಗೆ, ಉಳಿದದ್ದನ್ನು ಪರೀಕ್ಷಿಸಿ ಸರಿಪಡಿಸುವ ಪೋಸ್ಟ್‌ಇನ್‌ಸ್ಟಾಲ್. ರೂಟ್ ಬೇಕಾಗುವುದು ಇಷ್ಟಕ್ಕೇ. ಲ್ಯಾಬಿನ ಯಂತ್ರವಾದರೆ ಸೆಟ್‌ಗಳನ್ನು ಮಾಷ್ಟ್ರ ಕೈಗೆ ಕೊಡಿ, ಅವರೇ ಬಿಚ್ಚಲಿ.

ಮುಂದೆ ಸೋರ್ಸ್ ಅಪ್‌ಡೇಟ್ ಮಾಡಿದಾಗಲೆಲ್ಲ ಅದರಲ್ಲಿರುವ ಅಪ್‌ಡೇಟಿಂಗ್ ಫೈಲನ್ನು ಮೊದಲು ಓದಿ. ಕ್ಲೀನ್ ಬಿಲ್ಡ್ ಬೇಕೆಂದು ಬರೆದಿದ್ದರೆ ಆ ಸಲ ಸಣ್ಣ ಯು ಬಿಟ್ಟುಬಿಡಿ.